ಎಲೆಮರೆಯ ಕಾಯಿ ಹರಾಜಿಗಿದೆ

ದೊಡ್ಡ ಕೈಗಡಿಯಾರಗಳ ಕಾಲ ಮುಗಿಯಿತಂತೆ. ಜೀವನಶೈಲಿ ಪುಟಗಳಲ್ಲಿ ಆಗಾಗ ಹುಟ್ಟಿಬರುವ ಸುದ್ದಿ ಇದು. ಈ ವಾರವೂ ಹುಟ್ಟಿದೆ, ನೀವೂ ಓದಿರುತ್ತೀರಿ. ಇನ್ನು ಮುಂದೆ ಗಡಿಯಾರ ಚಿಕ್ಕದಿರಬೇಕು, ತೆಳುವಾಗಿರಬೇಕು, ಸಾಧ್ಯವಾದರೆ ಬೇರೆಯವರ ತಾತನದಾಗಿರಬೇಕು. ಚಿನ್ನದೊಂದು ಬಿಲ್ಲೆ, ಎರಡು ಮುಳ್ಳು, ಚರ್ಮದ ಪಟ್ಟಿ, ಅಷ್ಟೇ. ಇದಕ್ಕೆ ‘ಸದ್ದಿಲ್ಲದ ಸಿರಿತನ’ ಎಂದು ಹೆಸರು. ಸುದ್ದಿಯ ಪಕ್ಕದಲ್ಲಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಗಲ್ಲಕ್ಕೆ ಕೈ ಆನಿಸಿ ಕುಳಿತ ಸಿರಿವಂತನ ಚಿತ್ರ. ಸದ್ದಿಲ್ಲದ್ದನ್ನು ಮುದ್ರಿಸಿ ತೋರಿಸಬೇಕಾದವರು ಇನ್ನೇನು ಮಾಡಿಯಾರು, ಪಾಪ.

ಒಂದು ಕಾಲಕ್ಕೆ ಇವನ್ನು ಯಾರೂ ವಿನಯದ ಗಡಿಯಾರಗಳೆಂದು ಕರೆಯುತ್ತಿರಲಿಲ್ಲ. ಗಡಿಯಾರ ಎಂದಷ್ಟೇ ಕರೆಯುತ್ತಿದ್ದರು. ಸ್ವಿಸ್ ಕಂಪನಿ ಪಟೆಕ್ ಫಿಲಿಪ್ 1932ರಲ್ಲಿ ಹೊರತಂದ ಕಲಾಟ್ರಾವಾ 96ರ ಅಗಲ ಸುಮಾರು 31 ಮಿಲಿಮೀಟರ್. ಅದು ಗಂಡಸರ ಗಡಿಯಾರವೇ, ಆಗ ಯಾರಿಗೂ ಅನುಮಾನವಿರಲಿಲ್ಲ. ಆಮೇಲೆ ಗಡಿಯಾರಗಳು ಊದಿಕೊಂಡವು. 40 ಆಯಿತು, 44 ಆಯಿತು, ಕೆಲವು 47ನ್ನೂ ಮುಟ್ಟಿದವು. ಮಣಿಕಟ್ಟುಗಳು ಮಾತ್ರ ಇದ್ದಲ್ಲೇ ಉಳಿದವು. ಆ ದಿನಗಳಲ್ಲಿ ಇದೇ ಪುಟಗಳು 34 ಮಿಲಿಮೀಟರ್ ಹೆಂಗಸರಿಗೆ ಸರಿ ಎಂದು ಬರೆದವು. ಅದನ್ನು ನಂಬಿ ತಮ್ಮದನ್ನು ಸಿಕ್ಕಿದ ಬೆಲೆಗೆ ಮಾರಿದವರು ಈಗ ಅಂಥದ್ದನ್ನೇ ಹಲವು ಪಟ್ಟು ಕೊಟ್ಟು ಮರಳಿ ಕೊಂಡುಕೊಳ್ಳುತ್ತಿದ್ದಾರೆ. ಇದಕ್ಕೆ ಅಭಿರುಚಿ ಪಕ್ವವಾಗುವುದು ಎನ್ನುತ್ತಾರೆ.

ನನ್ನ ಪರಿಚಯದ ಸಂಗ್ರಾಹಕರೊಬ್ಬರು ಹೀಗೆ ಪಕ್ವವಾದವರು. ಮೊನ್ನೆ ಊಟಕ್ಕೆ ಕೂತಾಗ, ‘ನೋಡಿ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಇದರ ಸೊಗಸು’ ಎಂದರು. ನಿಜ, ಬಿದ್ದಿರಲಿಲ್ಲ. ಅವರು ಮೂರನೆಯ ಸಲ ಹೇಳಿದ ಮೇಲೆ ಬಿತ್ತು. ಅಷ್ಟಕ್ಕೆ ಬಿಡದೆ ಜೇಬಿನಿಂದ ಭೂತಗನ್ನಡಿ ತೆಗೆದು ಕೈಗಿತ್ತರು. ಊಟಕ್ಕೆ ಭೂತಗನ್ನಡಿ ತರುವವರನ್ನು ನಾನು ಅದೇ ಮೊದಲು ಕಂಡದ್ದು. ಡಯಲ್‌ನ ಅಡಿಯಲ್ಲಿ, ಆರು ಗಂಟೆಯ ಕೆಳಗೆ ‘ಸ್ವಿಸ್’ ಎಂಬ ಪದದ ಆಚೀಚೆ ಇರುವೆಯ ಕಾಲಿನಷ್ಟು ಗ್ರೀಕ್ ಅಕ್ಷರ ಸಿಗ್ಮಾ ಎರಡು ಇದ್ದವು. 1970ರ ದಶಕದಲ್ಲಿ ಸ್ವಿಸ್ ಕಂಪನಿಗಳು ಬಳಕೆಗೆ ತಂದ ಗುರುತು ಅದು. ಗಂಟೆಯ ಗೆರೆಗಳು ಅಪ್ಪಟ ಚಿನ್ನದವು, ಬರೀ ಲೇಪವಲ್ಲ ಎಂದು ಅದರ ಅರ್ಥ. ನಾನು ಮನಸ್ಸಿನಲ್ಲೇ ಕೈಮುಗಿದೆ. ತುಂಬಿದ ಕೊಡ ತುಳುಕುವುದಿಲ್ಲ, ಸರಿ. ಆದರೆ ತುಂಬಿದೆ ಎಂಬ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡೇ ಕೂತಿದೆ.

ತೆಳುವನ್ನು ಮಾತ್ರ ನಾನು ಗೇಲಿ ಮಾಡಲಾರೆ. ಪಿಯಾಜೆ ಕಂಪನಿಯವರು 1957ರಲ್ಲಿ ತೋರಿಸಿದ, ಗಡಿಯಾರದೊಳಗೆ ಕೂರುವ 9ಪಿ ಯಂತ್ರದ ದಪ್ಪ 2 ಮಿಲಿಮೀಟರ್. ಅದಕ್ಕೂ ಎರಡು ವರ್ಷ ಮೊದಲು, ತಮ್ಮ ಇನ್ನೂರನೆಯ ವರ್ಷಕ್ಕೆ ವಾಶೆರಾನ್ ಕಾನ್‌ಸ್ಟಾಂಟಿನ್‌ನವರು ತಂದ 1003ರದ್ದು 1.64. ಅಷ್ಟರೊಳಗೆ ಸ್ಪ್ರಿಂಗ್ ಇದೆ, ಹಲ್ಲಿನ ಚಕ್ರಗಳಿವೆ, ಎಡಬಿಡದೆ ಆಚೀಚೆ ತೊನೆಯುವ ಬ್ಯಾಲೆನ್ಸ್ ಚಕ್ರವಿದೆ. ಒಂದಕ್ಕೊಂದು ತಾಗದಂತೆ ಬಿಟ್ಟ ಸಂದು ಕೂದಲೆಳೆಗಿಂತ ಕಿರಿದು. ಧೂಳಿನ ಒಂದು ಕಣ ಸಾಕು, ಎಲ್ಲವೂ ನಿಂತುಹೋಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಇದನ್ನು ಜೋಡಿಸಿದರಲ್ಲ, ಆ ಕೈಗಳ ಮುಂದೆ ಯಾವ ವ್ಯಂಗ್ಯವೂ ನಿಲ್ಲುವುದಿಲ್ಲ.

ಆದರೆ ಆ ಕೈಗಳ ಹೆಸರು ಡಯಲ್ ಮೇಲಿಲ್ಲ. ವಾಶೆರಾನ್‌ನ 1003, ಓಡೆಮಾರ್ ಪಿಗೆಯ 2003, ಎರಡೂ ಲೆಕೂಲ್ಟ್ರ್ ಕಾರ್ಖಾನೆಯ ಒಂದೇ ಮೂಲಯಂತ್ರದ ಮಕ್ಕಳು. ಒಂದೇ ತೊಟ್ಟಿಲಲ್ಲಿ ಮಲಗಿದ್ದ ಮಕ್ಕಳು ಬೇರೆ ಬೇರೆ ಮನೆಗೆ ದತ್ತು ಹೋದವು, ಅಷ್ಟೇ. ಇದನ್ನು ನಮ್ಮ ಸಂಗ್ರಾಹಕರಿಗೆ ಹೇಳಿದೆ. ‘ಗೊತ್ತು, ಗೊತ್ತು’ ಎಂದು ಎರಡು ಸಲ ಹೇಳಿ ಮಾತು ಬದಲಿಸಿದರು.

ತೆಳುವಿನ ಪೈಪೋಟಿ ಈಗಲೂ ಮುಗಿದಿಲ್ಲ. 2018ರಲ್ಲಿ ಪಿಯಾಜೆ ಇಡೀ ಗಡಿಯಾರವನ್ನೇ 2 ಮಿಲಿಮೀಟರಿಗೆ ಇಳಿಸಿತು. 2022ರಲ್ಲಿ ಬುಲ್ಗರಿ 1.80 ಎಂದಿತು, ಜೊತೆಗೆ ಅದರ ಮೇಲೊಂದು ಕ್ಯೂಆರ್ ಕೋಡ್ ಕೂಡ ಕೆತ್ತಿತು. ಅದೇ ವರ್ಷ ರಿಶಾರ್ ಮಿಲ್ 1.75 ಎಂದಿತು. 2024ರಲ್ಲಿ ಬುಲ್ಗರಿ 1.70, ಕೆಲವೇ ತಿಂಗಳಲ್ಲಿ ರಷ್ಯದ ಗಡಿಯಾರ ತಯಾರಕ ಕಾನ್‌ಸ್ಟಾಂಟಿನ್ ಚೈಕಿನ್ 1.65. ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕೆ ಒಂದೊಂದು ಜಾಗತಿಕ ಪತ್ರಿಕಾಗೋಷ್ಠಿ! ಗಡಿಯಾರ ಕರಗಿದಷ್ಟೂ ಪ್ರಕಟಣೆ ದಪ್ಪವಾಗುತ್ತದೆ.

ಇಷ್ಟೆಲ್ಲ ಮಾಡಿ ಗಂಟೆ ಎಷ್ಟು? ಅದನ್ನು ಕೇಳಬಾರದು. ಬೆಳಿಗ್ಗೆ ಎದ್ದು ಕೀ ಕೊಡಬೇಕು, ನೀರು ತಾಗಿಸಬಾರದು, ಚಪ್ಪಾಳೆ ತಟ್ಟುವಾಗ ಬಿಚ್ಚಿಡುವುದು ಕ್ಷೇಮ. ಕಲಾವಿದ ಆಂಡಿ ವಾರ್ಹಾಲ್ ತನ್ನ ಕಾರ್ಟಿಯೆ ಟ್ಯಾಂಕ್‌ಗೆ ಕೀ ಕೊಡುತ್ತಲೇ ಇರಲಿಲ್ಲವಂತೆ. ಕಟ್ಟಬೇಕಾದ ಗಡಿಯಾರವೆಂದರೆ ಅದೇ ಎಂದಷ್ಟೇ ಅದನ್ನು ಕಟ್ಟಿಕೊಳ್ಳುತ್ತಿದ್ದನಂತೆ. ಈ ಗುಂಪಿನಲ್ಲಿ ಪ್ರಾಮಾಣಿಕನೆಂದರೆ ಅವನೊಬ್ಬನೇ. ಅಂದಹಾಗೆ, ನಯನಾಜೂಕಿಗೆ ಹೆಸರಾದ ಈ ಗಡಿಯಾರದ ರೂಪ ಮೂಡಿದ್ದು 1917ರಲ್ಲಿ, ಅದಕ್ಕೆ ಹೆಸರು ಬಂದದ್ದು ಯುದ್ಧದ ಟ್ಯಾಂಕಿನಿಂದ.

ಇವುಗಳ ಮುಖ ಮೌನಿ, ಬೆನ್ನು ಮಾತುಗಾರ. ಜಾನ್ ಎಫ್. ಕೆನಡಿ 1961ರಲ್ಲಿ ಪ್ರಮಾಣವಚನ ಸ್ವೀಕರಿಸುವಾಗ ಕಟ್ಟಿದ್ದ ತೆಳು ಒಮೆಗಾದ ಹಿಂಬದಿಯಲ್ಲಿ ‘ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಗೆ, ಗೆಳೆಯ ಗ್ರಾಂಟ್‌ನಿಂದ’ ಎಂಬರ್ಥದ ಕೆತ್ತನೆಯಿದೆ. ಗೆಳೆಯ ಅದನ್ನು ಕೆತ್ತಿಸಿ ಕೊಟ್ಟದ್ದು ಚುನಾವಣೆಗೆ ಮೊದಲೇ! ಸೋತಿದ್ದರೆ ಆ ಬೆನ್ನನ್ನು ಯಾರಿಗೆ ತೋರಿಸುತ್ತಿದ್ದರೋ. ಅವರ ಹೆಂಡತಿ ಜಾಕಿಯ ಟ್ಯಾಂಕ್‌ನ ಹಿಂದೆ ಒಂದು ತಾರೀಖು, ಎರಡು ಸಮಯ: 1963ರ ಫೆಬ್ರುವರಿ 23, ನಸುಕಿನ 2.05ರಿಂದ ರಾತ್ರಿ 9.35. ಜಾಕಿಯ ತಂಗಿಯ ಗಂಡ ಸ್ಟಾಸ್ ರಾಜಿವಿಲ್ ಐವತ್ತು ಮೈಲಿ ನಡೆದ ದಿನದ ನೆನಪು ಅದು. 2017ರಲ್ಲಿ ಹರಾಜಾದಾಗ ಆ ನಡಿಗೆಗೆ ಸಿಕ್ಕಿದ್ದು 3,79,500 ಡಾಲರ್. ನಡೆದವರಿಗಲ್ಲ.

ಈಗ ಇನ್ನೊಂದು ಬಗೆಯ ಬೆನ್ನು. ‘ಇಪ್ಪತ್ತೈದು ವರ್ಷಗಳ ಸೇವೆಗಾಗಿ’ ಎಂದು ಕೆತ್ತಿ, ಕೆಳಗೆ ಯಾರೋ ಗುಮಾಸ್ತನ ಹೆಸರು ಹಾಕಿ, ನಿವೃತ್ತಿಯ ದಿನ ಕೈಗಿತ್ತ ಚಿನ್ನದ ಗಡಿಯಾರಗಳು. ಹೆಸರಾಂತ ಮನುಷ್ಯನ ಕೆತ್ತನೆ ಬೆಲೆ ಏರಿಸಿದರೆ ಹೆಸರಿಲ್ಲದವನ ಕೆತ್ತನೆ ಬೆಲೆ ಇಳಿಸುತ್ತದೆ. ಡಯಲ್ ಮೇಲಿನ ಕಂಪನಿಯೂ ಇಂದು ಯಾರಿಗೂ ನೆನಪಿಲ್ಲದ್ದಾದರೆ ಮುಗಿಯಿತು. ಚಿನ್ನದ ಬೆಲೆ ಏರಿದಾಗಲೆಲ್ಲ ಇವು ತಕ್ಕಡಿಗೆ ಬರುತ್ತವೆ. ಹಿಂಬದಿ ಬಿಚ್ಚಿ, ಯಂತ್ರವನ್ನು ಹೊರಗೆ ಕೆಡವಿ, ಕವಚವನ್ನು ಮೂಸೆಗೆ ಹಾಕುತ್ತಾರೆ. ಯಂತ್ರ ನಡೆಯುತ್ತಿತ್ತೇ ಎಂದು ಕೇಳುವವರಿಲ್ಲ. ಎಷ್ಟೋ ಸಲ ಅದು ನಡೆಯುತ್ತಿರುತ್ತದೆ. ಪರಂಪರೆ, ಕುಶಲತೆ, ಕಾಲದ ಸ್ಪರ್ಶ ಎಂದು ಸಂಜೆಯಿಡೀ ಮಾತಾಡುವ ಒಬ್ಬರೂ ಆ ತಕ್ಕಡಿಯ ಕಡೆ ತಿರುಗುವುದಿಲ್ಲ. ಇದರ ಬಗ್ಗೆ ತಮಾಷೆ ಹೊಳೆಯುತ್ತಿಲ್ಲ, ಕ್ಷಮಿಸಿ. ಒಬ್ಬ ಮನುಷ್ಯನ ಇಪ್ಪತ್ತೈದು ವರ್ಷಗಳಿಗೆ ಸಿಕ್ಕಿದ್ದು ಅದೊಂದೇ, ಅದನ್ನೂ ಗ್ರಾಂ ಲೆಕ್ಕದಲ್ಲಿ ಸುಡುತ್ತಾರೆ.

ಅಂಥದ್ದೊಂದು ನನ್ನ ಬಳಿಯಿದೆ. ಮೂಸೆಗೆ ಹೋಗುವ ಮೊದಲು ಚಿನ್ನದ ತೂಕಕ್ಕೇ ಕೊಂಡದ್ದು. ತೆಳುವಾಗಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ, ಬೆನ್ನಿನ ಮೇಲೆ ನನಗೆ ಸಂಬಂಧವಿಲ್ಲದ ಹೆಸರಿದೆ.

ಊಟದ ದಿನ ಸಂಗ್ರಾಹಕರು ತಮ್ಮ ಗಡಿಯಾರದ ಗೀರುಗಳನ್ನು ಒಂದೊಂದಾಗಿ ಪರಿಚಯಿಸಿದ್ದರು. ಅವು ಗೀರುಗಳಲ್ಲವಂತೆ, ‘ಪ್ರಾಮಾಣಿಕ ಸವೆತ’ವಂತೆ. ಡಯಲ್ ಕಂದಿದ್ದರೆ ಅದು ಕಂದಿದ್ದಲ್ಲ, ಪಟೀನಾ, ಅಂದರೆ ಕಾಲ ಹಚ್ಚಿದ ಬಣ್ಣ. ಅದೇ ಬಣ್ಣದ ಕಲೆ ತಮ್ಮ ಕೆನ್ನೆಯ ಮೇಲೆ ಬಂದಿದ್ದಕ್ಕೆ ಅವರು ಚರ್ಮವೈದ್ಯರಿಗೆ ತೋರಿಸುತ್ತಿದ್ದಾರೆ, ಅದು ಬೇರೆ ಮಾತು. ಹಳೆಯ ಗಡಿಯಾರಕ್ಕೆ ಪಾಲಿಶ್ ಹಾಕುವುದು ಕೊಲೆಗೆ ಸಮ, ಅದು ಬದುಕಿದ ಬದುಕನ್ನೇ ಉಜ್ಜಿ ತೆಗೆದಂತೆ ಎಂದಾಗ ಅವರ ದನಿ ನಡುಗಿತ್ತು.

ನನ್ನದನ್ನು ಬಿಚ್ಚಿ ಕೊಟ್ಟೆ. ಕಣ್ಣಿಗೆ ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಡಯಲ್ ಮೂಲದ್ದೇ ಎಂದರು, ಮುಳ್ಳುಗಳನ್ನು ಹೊಗಳಿದರು, ಕಿವಿಗೆ ಹಿಡಿದು ಯಂತ್ರ ಒಳ್ಳೆಯದಿದೆ ಎಂದರು. ಆಮೇಲೆ ತಿರುಗಿಸಿ, ಬೆನ್ನಿನ ಹೆಸರನ್ನು ಹೆಬ್ಬೆರಳಿನಿಂದ ಸವರಿ, ತೀರ ಕನಿಕರದಿಂದ ಹೇಳಿದರು:

‘ಇದೊಂದನ್ನು ಉಜ್ಜಿಸಿಬಿಡಿ. ಆಗ ಏನಾದರೂ ಬೆಲೆ ಬರುತ್ತದೆ.’