ಬಾಗಿಲು ಒಂದೇ, ಅದೂ ಬಲಗಡೆ

ಸಣ್ಣ ವಿಮಾನಗಳಲ್ಲಿ ಸೆಸ್ನಾ 172ಕ್ಕಿಂತ ಪೈಪರ್ ಆರ್ಚರ್ ವಾಸಿ ಅಂತ ಬರೆದಿದ್ದೀರಿ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಈಗ ಬರುವ ಎರಡಕ್ಕೂ 180 ಅಶ್ವಶಕ್ತಿಯ ಎಂಜಿನ್, ನಾಲ್ಕು ಸೀಟು. ಆದರೆ ಆರ್ಚರ್‌ಗೆ ಬಾಗಿಲು ಒಂದೇ, ಅದೂ ಬಲಗಡೆ. ಅದರ ರೆಕ್ಕೆ ಕೆಳಗಿದೆ, ಪೈಲಟ್ ಮೊದಲು ಅದನ್ನು ಹತ್ತಿ, ಒಳಗೆ ತೂರಿ ಎಡಕ್ಕೆ ಸರಿಯಬೇಕು, ಆಮೇಲೆ ಪಕ್ಕದವರು ಹತ್ತಬೇಕು, ಅಷ್ಟರಲ್ಲಿ ಮಳೆ ಬಂದರೆ ಸೀಟೆಲ್ಲ ಒದ್ದೆ! ಹಾರುವಾಗ ಇಂಧನಕ್ಕೆ ಎಡದ ಟ್ಯಾಂಕು, ಬಲದ ಟ್ಯಾಂಕು ಅಂತ ನಾವೇ ನೆನಪಿಟ್ಟು ಬದಲಿಸುತ್ತಾ ಇರಬೇಕು. ಸೆಸ್ನಾದಲ್ಲಿ ರೆಕ್ಕೆ ಮೇಲಿದೆ, ಇಂಧನ ತಾನಾಗಿಯೇ ಇಳಿಯುತ್ತದೆ, ಇಂಧನದ ಗುಂಡಿಯನ್ನು ಎರಡೂ ಟ್ಯಾಂಕಿಗೆ ತಿರುಗಿಸಿಟ್ಟರೆ ಆಯಿತು. ಕೆಳಗಿನ ಊರು, ಕೆರೆ ನೋಡುವುದಕ್ಕೂ ಅದೇ ಚೆನ್ನ. ತಿರುಗುವಾಗ ರೆಕ್ಕೆ ಕಣ್ಣಿಗೆ ಅಡ್ಡ ಬರುತ್ತದೆ, ಅದು ನಿಜ. ಇವೆರಡರ ಮಧ್ಯೆ ಸಿರಸ್ ಎಸ್‌ಆರ್22 ವಿಮಾನವನ್ನು ಯಾಕೆ ಸುಮ್ನೆ ಎಳೆದು ತಂದಿರಿ? 310 ಅಶ್ವಶಕ್ತಿ, ಇಡೀ ವಿಮಾನಕ್ಕೇ ಪ್ಯಾರಾಚೂಟು, ಅದರ ಲೆಕ್ಕವೇ ಬೇರೆ ಅಲ್ವಾ?