ಕೆಚ್ಚಲು ಬಾವು: ಆಂಟಿಬಯಾಟಿಕ್‌ಗೆ ಸಸ್ಯಸತ್ವದ ಜೊತೆ ಬೇಕೇ?

ಪರ: ಹಳೆಯ ಔಷಧಕ್ಕೆ ಜೊತೆಗಾರ ಬೇಕು

ಕೆಚ್ಚಲು ಬಾವು ಬಂದ ಹಸುಗಳ ಹಾಲಿನ ಮಾದರಿ ಪರೀಕ್ಷಿಸುವುದು ನನ್ನ ನಿತ್ಯದ ಕೆಲಸ. ಪೆನಿಸಿಲಿನ್ ಹೀರಿದ ಪುಟ್ಟ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಯಲೊಂದು ಕಾಣಬೇಕಾದಲ್ಲಿ, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಹಬ್ಬಿರುವುದನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಆದ್ದರಿಂದ ಈ ಪ್ರಶ್ನೆಗೆ ಹೌದೆನ್ನಲು ನನಗೆ ಯಾರ ಒತ್ತಾಯವೂ ಬೇಕಾಗಲಿಲ್ಲ.

ಹೊಸ ಆಂಟಿಬಯಾಟಿಕ್ ಬರಲಿ ಎಂದು ಕಾಯುತ್ತ ಕೂರುವಂತಿಲ್ಲ. ಬಂದರೂ ಅದನ್ನು ಮನುಷ್ಯರಿಗೆಂದು ಕಾದಿರಿಸುತ್ತಾರೆ, ಕಾದಿರಿಸಲೇಬೇಕು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ. ಹಸುವಿನ ಪಾಲಿಗೆ ಉಳಿಯುವುದು ಹಳೆಯ ಔಷಧ. ಹಳೆಯ ಔಷಧಕ್ಕೆ ಬೇಕಾಗಿರುವುದು ಜೊತೆಗಾರ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಪೆನಿಸಿಲಿನ್ ವರ್ಗದ ಔಷಧವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕಲು ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲವನ್ನು ಎಷ್ಟೋ ವರ್ಷಗಳಿಂದ ಸೇರಿಸುತ್ತಿದ್ದೇವೆ. ಸಸ್ಯಸತ್ವಗಳು ಇದೇ ಬಗೆಯ ನೆರವನ್ನು ಬೇರೆ ಬಾಗಿಲಿನಿಂದ ನೀಡುತ್ತವೆ. ಸ್ಟ್ಯಾಫಿಲೊಕಾಕಸ್‌ನ ಪೊರೆಯಲ್ಲಿ ನಾರ್‌ಎ ಎಂಬ ಪ್ರೋಟೀನು ಇದೆ. ಒಳಗೆ ನುಗ್ಗಿದ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ಕನ್ನು ಅದು ಬಾವಿಗೆ ಮೋಟಾರ್ ಹಾಕಿದಂತೆ ಹೊರಗೆಳೆದು ಚೆಲ್ಲುತ್ತದೆ. ಕಾಳುಮೆಣಸಿನ ಪಿಪೆರಿನ್ ಆ ಮೋಟಾರನ್ನು ತಡೆಯುತ್ತದೆಂದು ಜಮ್ಮುವಿನ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಅದೇ ಪಿಪೆರಿನ್ 10 ಮಿಲಿಗ್ರಾಂ ಸೇರಿದ್ದರಿಂದ ಕ್ಷಯರೋಗದ ಗುಳಿಗೆಯೊಂದರಲ್ಲಿ ರಿಫಾಂಪಿಸಿನ್ ಪ್ರಮಾಣ 450ರಿಂದ 200 ಮಿಲಿಗ್ರಾಂಗೆ ಇಳಿಯಿತು. ಇನ್ನು ಓಮದ ಥೈಮಾಲ್ ಬ್ಯಾಕ್ಟೀರಿಯಾದ ಪೊರೆಯನ್ನೇ ಸಡಿಲಗೊಳಿಸುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ನೋಡುವ ಕ್ರಮ ಸರಳವಾದದ್ದು. ಅಳಗುಳಿಮಣೆಯಂತಿರುವ 96 ಗುಳಿಗಳ ತಟ್ಟೆಯಲ್ಲಿ ಅಡ್ಡಸಾಲಿಗೆ ಆಂಟಿಬಯಾಟಿಕ್, ಉದ್ದಸಾಲಿಗೆ ಸಸ್ಯಸತ್ವವನ್ನು ಇಳಿಕೆಯ ಪ್ರಮಾಣದಲ್ಲಿ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಕಲಗಚ್ಚಿನಂತೆ ಕದಡಿದ ಗುಳಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ, ತಿಳಿಯಾದವುಗಳಲ್ಲಿ ಇಲ್ಲ. ಒಂಟಿಯಾಗಿ ಬೇಕಾಗುತ್ತಿದ್ದುದರ ಕಾಲುಭಾಗದಷ್ಟೇ ಎರಡೂ ಇರುವ ಗುಳಿ ತಿಳಿಯಾಗಿದ್ದರೆ ಅವು ಒಂದನ್ನೊಂದು ಬಲಪಡಿಸಿವೆ ಎಂದರ್ಥ. ಅಂಥ ತಿಳಿಗುಳಿಯನ್ನು ಮೊದಲ ಬಾರಿ ಕಂಡ ಬೆಳಿಗ್ಗೆ ನಾನು ಕಾಫಿಯನ್ನೂ ಮರೆತು ತಟ್ಟೆಯನ್ನು ಬೆಳಕಿಗೆ ಹಿಡಿದು ನಿಂತಿದ್ದೆ.

ತಟ್ಟೆಯಲ್ಲಿ ಗೆದ್ದದ್ದು ಕೆಚ್ಚಲಲ್ಲಿ ಗೆಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಗಿಡದ ಹೆಸರು ಕೇಳಿದೊಡನೆ ಅಜ್ಜಿ ಮದ್ದೆಂದು ಮೂಗು ಮುರಿಯುವವರೂ ಬಹುಮಟ್ಟಿಗೆ ಅವರೇ. ಪೆನಿಸಿಲಿನ್ ಕೂಡ ಮೊದಲು ಗೆದ್ದದ್ದು ತಟ್ಟೆಯಲ್ಲೇ ಎಂಬುದನ್ನು ಅವರಿಗೆ ನೆನಪಿಸಿದರೆ ಸಾಕು. ಜೊತೆಗಾರನಿಲ್ಲದೆ ಹಳೆಯ ಔಷಧ ಉಳಿಯುವುದಿಲ್ಲ.

ವಿರೋಧ: ಮೂರು ತೊಟ್ಟಿನ ಹಸು

ವಿರೋಧಿಸಿ ಬರೆಯಬೇಕೆಂದು ನನ್ನನ್ನು ಕೇಳಿದಾಗ ಹಿಂಜರಿದೆ. ಲೋಳೆಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಕೆಚ್ಚಲಿಗೆ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿದೆ. ನಮ್ಮ ಕೊಟ್ಟಿಗೆಯ ಹಿಂದೆ ಲೋಳೆಸರದ ಸಾಲೇ ಇದೆ. ಆದರೆ ಹೊರಗೆ ಹಚ್ಚುವುದು ಬೇರೆ, ಆಂಟಿಬಯಾಟಿಕ್‌ಗೆ ಬೆರೆಸಿ ತೊಟ್ಟಿನೊಳಗೆ ಏರಿಸುವುದು ಬೇರೆ. ಒಪ್ಪಿಕೊಂಡ ಮೇಲೆ ನನ್ನ ಪಾಲಿನ ಮಾತು ಹೇಳಲೇಬೇಕಲ್ಲ.

ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತಿ ಕಡಿಮೆ, ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದು ಹೆಚ್ಚು ಎಂದು ನಮ್ಮ ಪಶುವೈದ್ಯರು ಹೇಳುತ್ತಾರೆ. ತಟ್ಟೆಯ ಗುಳಿಯಲ್ಲಿ ಹಾಲಿರುವುದಿಲ್ಲ, ಕೆಚ್ಚಲಲ್ಲಿ ಇರುವುದೇ ಹಾಲು. ಇನ್ನೊಂದು ಮಾತೂ ಇದೆ: ಪಿಪೆರಿನ್ ಬೇರೆ ಔಷಧಗಳು ದೇಹದಲ್ಲಿ ಬೇಗ ಕರಗಿಹೋಗದಂತೆ ತಡೆಯುತ್ತದಂತೆ. ಹಾಗಾದರೆ ಹಾಲಿನಲ್ಲೂ ಔಷಧ ಹೆಚ್ಚು ದಿನ ಉಳಿದೀತು; ತೊಟ್ಟಿನೊಳಗೆ ಏರಿಸುವ ಆಂಟಿಬಯಾಟಿಕ್ ಟ್ಯೂಬಿನ ಮೇಲೆ ಬರೆದಷ್ಟು ದಿನ ಹಾಲನ್ನು ಡೇರಿಗೆ ಹಾಕದಿದ್ದರೆ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಬಲ್ಲವರು ಹೇಳಲಿ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ಗೌರಿಯ ಸಂಗತಿ.

ಗೌರಿ ಎರಡನೆಯ ಕರು ಹಾಕಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಎಡಗಡೆ ಮುಂದಿನ ತೊಟ್ಟು ಹಿಂಡಿದರೆ ಅಕ್ಕಿನುಚ್ಚಿನಂಥ ಹರಳು ಬಂತು, ಕೆಚ್ಚಲಿನ ಆ ಕಾಲುಭಾಗ ಮುಟ್ಟಿದರೆ ಬಿಸಿ. ವೈದ್ಯರು ಬಂದು ಟ್ಯೂಬ್ ಏರಿಸಿ, ಇಷ್ಟು ದಿನ ತಪ್ಪದೆ ಏರಿಸಿ ಎಂದು ಕೈಗೆ ಕೊಟ್ಟು ಹೋದರು. ಎರಡನೆಯ ದಿನಕ್ಕೆ ಹರಳು ನಿಂತಿತು. ಬಟವಾಡೆ ಹತ್ತಿರವಿತ್ತು, ಬೂಸಾದ ಸಾಲ ಬೇರೆ. ಉಳಿದ ಟ್ಯೂಬನ್ನು ಗೋಡೆಯ ಗೂಡಿನಲ್ಲಿಟ್ಟು, ಲೋಳೆಸರ ಹಚ್ಚುತ್ತಿದ್ದೇವಲ್ಲ, ಸಾಕು ಎಂದರು ನಮ್ಮ ಯಜಮಾನರು. ನಾನೂ ಹೂಂ ಎಂದೆ. ಇಪ್ಪತ್ತು ದಿನಕ್ಕೆ ಬಾವು ಮರಳಿತು, ಈ ಬಾರಿ ಕಲ್ಲಿನಂತೆ. ಅದೇ ಟ್ಯೂಬ್ ಏರಿಸಿದರೂ ಬಗ್ಗಲಿಲ್ಲ. ಆ ತೊಟ್ಟು ಬತ್ತಿಹೋಯಿತು.

ಆ ಆಂಟಿಬಯಾಟಿಕ್‌ಗೆ ಜೊತೆಗಾರನ ಕೊರತೆಯಿತ್ತೆಂದು ಮೇಲಿನ ಲೇಖಕರು ಹೇಳಬಹುದು. ಕೊರತೆಯಿದ್ದದ್ದು ಇನ್ನೆರಡು ದಿನದ ಟ್ಯೂಬಿನದು. ಗಿಡದ ಸತ್ವವೂ ಸೇರಿದೆ ಎಂದು ಪೆಟ್ಟಿಗೆಯ ಮೇಲೆ ಬರೆದುಬಿಟ್ಟರೆ ನಮ್ಮಂಥವರು ಮೊದಲ ದಿನವೇ ನಿಲ್ಲಿಸುತ್ತೇವೆ ಎಂಬುದೇ ನನ್ನ ಭಯ.

ಗೌರಿಯನ್ನು ಮಾರಲಿಲ್ಲ. ಈಗಲೂ ಸಂಜೆ ಕರೆದಾದ ಮೇಲೆ ಉಳಿದ ಮೂರು ತೊಟ್ಟಿಗೆ ಲೋಳೆಸರ ಹಚ್ಚುತ್ತೇನೆ.