ಗಾಳಿ ಇಲ್ಲ ಮಾರಾಯ್ರೆ!

ಅಕ್ಕನ ಮಗ ಕೆನಡಾದ ವಿನ್ನಿಪೆಗ್‌ನಲ್ಲಿದ್ದಾನೆ. ಕಳೆದ ಚಳಿಗಾಲದಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ವೀಡಿಯೊ ಹಾಕಿದ. ಕಣ್ಣು ಹಾಯಿಸಿದಷ್ಟು ದೂರ ಹಿಮ, ಮೈನಸ್ 20 ಡಿಗ್ರಿ. ಅದರ ನಡುವೆ ನಮ್ಮ ಹುಡುಗ ಸೈಕಲ್ಲೋ ಬೈಕೋ ಗೊತ್ತಾಗದ ದಪ್ಪ ಚಕ್ರದ ಗಾಡಿಯಲ್ಲಿ ಜುಂಯ್ ಅಂತ ಹೋಗುತ್ತಿದ್ದಾನೆ. ಇಲೆಕ್ಟ್ರಿಕ್ ಫ್ಯಾಟ್ ಟಯರ್ ಸೈಕಲ್ ಅಂತೆ. "ಮಫ್ಲರ್ ಎಲ್ಲಿ ಮಗಾ?" ಅಂತ ಅಕ್ಕ ಬರೆದಳು. ನಾನು ಆ ಟಯರನ್ನೇ ಮೂರು ಸಲ ನೋಡಿದೆ.

ನನಗೆ 57. ಈ ವಯಸ್ಸಲ್ಲಿ ಇಂಥ ಆಸೆ ಹುಟ್ಟಿದರೆ ಮದ್ದಿಲ್ಲ. ಈ ಡಿಸೆಂಬರಿಗೆ ಅಂಥದ್ದೇ ಒಂದು ಉಡುಪಿಯ ನಮ್ಮ ಜಗಲಿಯಲ್ಲಿ ಬಂದು ನಿಂತಿತು. 4 ಇಂಚು ಅಗಲದ ಟಯರ್, 30 ಕಿಲೋ ತೂಕ. ಮೋಟಾರು 250 ವ್ಯಾಟ್, ವೇಗ 25 ಕಿ.ಮೀ. ದಾಟುವುದಿಲ್ಲ, ಹಾಗಾಗಿ ಲೈಸೆನ್ಸೂ ಬೇಡ ಅಂತ ಹೆಂಡತಿಗೆ ವಿವರಿಸಿದೆ. ಅವಳು ಸೌತೆಕಾಯಿ ಹೆಚ್ಚುತ್ತಾ, "ಎಲ್ಲ ಸರಿ, ಹಿಮ ಎಲ್ಲಿಂದ ತರಿಸ್ತೀರಿ?" ಎಂದಳು.

ಹಿಮ ಇಲ್ಲದಿದ್ದರೆ ಎಂತ, ಮಲ್ಪೆ ಪಕ್ಕದ ಪಡುಕೆರೆ ಬೀಚಿನಲ್ಲಿ ಮರಳು ಉಂಟಲ್ಲ!

ವಿನ್ನಿಪೆಗ್‌ನ ಆ ಅಳಿಯನಿಗೆ ಫೋನು ಮಾಡಿದೆ. "ಮಾವ, ಗುಟ್ಟೆಲ್ಲ ಗಾಳಿಯಲ್ಲಿ. ಗಾಳಿ ಜಾಸ್ತಿ ಇದ್ದರೆ ಚಕ್ರ ಹೂತು ಹೋಗ್ತದೆ. ಒತ್ತಡ 8 ಪಿಎಸ್‌ಐಗೆ ಇಳಿಸಿದ್ರೆ ಟಯರು ದೋಸೆ ಹಾಗೆ ಹರಡಿ ಕೂರ್ತದೆ, ಭಾರ ಹಂಚಿ ಹೋಗ್ತದೆ" ಎಂದ. 1987ರಲ್ಲಿ ಅಲಾಸ್ಕಾದಲ್ಲಿ ಹಿಮದ ಮೇಲೆ ಸೈಕಲ್ ರೇಸ್ ಶುರುವಾದಾಗ ಸಾದಾ ಚಕ್ರ ಹೂತು ಹೋಗಿ ಕಷ್ಟವಾಯಿತು, ಆಮೇಲೆ ಅಲ್ಲಿನವರು ಎರಡು ರಿಮ್ ಜೋಡಿಸಿ ಬೆಸೆದು ಅಗಲ ಮಾಡಿಕೊಂಡರು ಅಂತಲೂ ಹೇಳಿದ. ಚಳಿಗೆ ಅವನ ಬ್ಯಾಟರಿಯೂ ಸೊರಗುತ್ತದಂತೆ. 60 ಕಿ.ಮೀ. ಓಡುವಂಥದ್ದು 40ಕ್ಕೇ ಮಲಗುತ್ತದೆ. ತಣ್ಣಗಿರುವಾಗಲೇ ಚಾರ್ಜಿಗೆ ಹಾಕಿದರೆ ಬ್ಯಾಟರಿ ಹಾಳು. ಅದಕ್ಕೆ ದಿನಾ ರಾತ್ರಿ ಅದನ್ನು ಬಿಚ್ಚಿ ಮನೆಯೊಳಗೆ ತಂದು ಬೆಚ್ಚಗೆ ಇಡುತ್ತಾನೆ. ಬಾಣಂತಿಯನ್ನೂ ಅಷ್ಟು ನೋಡಿಕೊಳ್ಳುವವರು ಕಡಿಮೆ. ನಮಗೆ ಆ ತಾಪತ್ರಯ ಇಲ್ಲ. ನಮ್ಮ ಚಳಿ ಅಂದರೆ ಬೆಳಿಗ್ಗೆ 22 ಡಿಗ್ರಿ. ಅದಕ್ಕೇ ನಾವು ಮಂಕಿ ಕ್ಯಾಪ್ ಹಾಕುತ್ತೇವೆ.

ಗಾಳಿ ಇಳಿಸಲು ಪಂಕ್ಚರ್ ಅಂಗಡಿಗೆ ಹೋದೆ. "ಎಷ್ಟು ಇಡಬೇಕು?" ಕೇಳಿದ ಹುಡುಗ. "ಎಂಟು" ಎಂದೆ. ಅವನು ನನ್ನ ಮುಖ ನೋಡಿದ. ಹಲಸಿನ ಹಣ್ಣು ಬಲಿತಿದೆಯಾ ಅಂತ ನೋಡುವ ಹಾಗೆ ಟಯರನ್ನು ಹೆಬ್ಬೆರಳಿನಿಂದ ಒತ್ತಿದ. "ಎಂಟು ಇದ್ರೆ ನಾವು ಅದಕ್ಕೆ ಪಂಕ್ಚರ್ ಅಂತ ಹೇಳುವುದು" ಎಂದ. ಆದರೂ ಇಳಿಸಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ತೆಗೆದದ್ದಕ್ಕೆ ದುಡ್ಡು ಹೇಗೆ ಕೇಳುವುದು ಅಂತ ಅವನಿಗೂ ಸಂಕೋಚ.

ಮರುದಿನ ಬೆಳಿಗ್ಗೆ ಆರೂವರೆಗೆ ಹೊರಟೆ. ಕಲ್ಸಂಕ ದಾಟುವಷ್ಟರಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದ. "ಹಿಂದೆ ಗಾಳಿ ಇಲ್ಲ ಮಾರಾಯ್ರೆ!" ಥ್ಯಾಂಕ್ಸ್ ಹೇಳಿದೆ. ಕರಾವಳಿ ಜಂಕ್ಷನ್ನಿನಲ್ಲಿ ಆಟೋದವರು ಇಬ್ಬರು ಒಟ್ಟಿಗೆ ಹೇಳಿದರು. ಆದಿಉಡುಪಿಯಲ್ಲಿ ಹಾಲು ತರುತ್ತಿದ್ದ ಅಮ್ಮ, "ಎದುರೂ ಇಲ್ಲ!" ಅಂತ ಸೇರಿಸಿದರು. ಕಲ್ಮಾಡಿ ಹತ್ತಿರ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಗಾಳಿ ಇಜ್ಜಿ ಮಾರ್ರೆ!" ಅಂತ ತುಳುವಿನಲ್ಲಿ ಕೂಗಿದ. ಇಡೀ ಬಸ್ಸು ಕಿಟಕಿಯಿಂದ ಇಣುಕಿತು. ಮೊದಲ ಮೂರು ಜನರಿಗೆ ನಿಂತು ಹಿಮದ ಕತೆ ಹೇಳಿದೆ. ಆಮೇಲೆ ಸುಮ್ನೆ "ಹೌದಾ? ನೋಡ್ತೇನೆ" ಅಂದುಬಿಟ್ಟೆ.

ಪಡುಕೆರೆಯ ಒದ್ದೆ ಮರಳಿನಲ್ಲಿ ಮಾತ್ರ ಗಾಡಿ ತೇಲಿದಂತೆ ಹೋಯಿತು. ಅಲೆ ಬಂದು ಹೋದ ಜಾಗ ಗಟ್ಟಿ, ಹಿಂತಿರುಗಿ ನೋಡಿದರೆ ಅಂಗೈ ಅಗಲದ ಗುರುತು. ಹಿಮಾಲಯವೇ ಬೇಡ ಅನ್ನಿಸಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೇಲಿನ ಒಣ ಮರಳಿಗೂ ಒಂದು ಕೈ ನೋಡುವ ಅಂತ ತಿರುಗಿಸಿ ಥ್ರಾಟಲ್ ಪೂರ್ತಿ ತಿರುವಿದೆ. ಹಿಂದಿನ ಚಕ್ರ ಇದ್ದಲ್ಲೇ ಗರಗರ ಸುತ್ತಿ ಮೊಣಕಾಲು ಆಳದ ಗುಂಡಿ ತೋಡಿತು. ನಾನು ಪಕ್ಕಕ್ಕೆ ಮಲಗಿದೆ. ಗಾಡಿ ನನ್ನ ಮೇಲೆ ಮಲಗಿತು.

ಅಳಿಯ ವಾರಕ್ಕೊಮ್ಮೆ ಬೀಳುತ್ತಾನಂತೆ. ಅಲ್ಲಿ ನೋಡಲು ಒಂದು ಕಾಗೆಯೂ ಇರುವುದಿಲ್ಲ. ಇಲ್ಲಿ ಹದಿನೈದು ಜನ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಬಲೆ ಬಿಡುವ ಹಾಗಿಲ್ಲ, ನನ್ನನ್ನು ನೋಡದಿರಲೂ ಆಗುವುದಿಲ್ಲ. ಹಗ್ಗ ಹಿಡಿದುಕೊಂಡೇ ಕುತ್ತಿಗೆ ತಿರುಗಿಸಿ ನಕ್ಕರು. ಬಲೆ ದಡ ಸೇರಿದ ಮೇಲೆ ನಾಲ್ಕು ಜನ ಬಂದು "ಐಲೇಸಾ" ಅಂತ ಗಾಡಿಯನ್ನು ಎತ್ತಿದರು. ಒಬ್ಬ ಟಯರು ಒತ್ತಿ ನೋಡಿ, "ಸುಮ್ನೆ ಅಲ್ಲ ಬಿದ್ದದ್ದು, ಗಾಳಿಯೇ ಇಲ್ಲ" ಎಂದ. ಹ್ಯಾಂಡಲಿಗೆ ಒಂದು ತೊಟ್ಟೆ ಬೂತಾಯಿ ಮೀನು ನೇತುಹಾಕಿ ಕಳಿಸಿದರು.

ವಾಪಸ್ ಬರುತ್ತಾ ಸೇತುವೆ ಏರುವಾಗ ಬ್ಯಾಟರಿ ಸತ್ತಿತು. ಚಪ್ಪಟೆ ಟಯರಿನಲ್ಲಿ ಡಾಂಬರಿನ ಮೇಲೆ ಅಷ್ಟು ದೂರ ಬಂದರೆ ಕರೆಂಟು ನೀರಿನ ಹಾಗೆ ಖರ್ಚಾಗುತ್ತದೆ. "ಗಾಳಿ ಬೀಚಿಗೆ ಹೋದ ಮೇಲೆ ಇಳಿಸುವುದು ಮಾವ, ಬರುವಾಗ ವಾಪಸ್ ತುಂಬಿಸಬೇಕು. ಪಂಪ್ ತಗೊಂಡು ಹೋಗಲಿಲ್ವಾ?" ಎಂದ ಫೋನಿನಲ್ಲಿ ಅಳಿಯ. ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

30 ಕಿಲೋ ತಳ್ಳಿಕೊಂಡು ಮಲ್ಪೆ ಬಂದರಿನವರೆಗೆ ಬಂದೆ. ಉಡುಪಿಗೆ ಹೊರಟಿದ್ದ ಮೀನಿನ ಟೆಂಪೋದವನಿಗೆ ಕನಿಕರ ಹುಟ್ಟಿತು. ಹಿಂದೆ ಜಾಗ ಉಂಟು, ಹಾಕಿ ಎಂದ. ಒಳಗೆ ಕ್ರೇಟುಗಳ ನಡುವೆ ಪುಡಿ ಮಾಡಿದ ಐಸು ಗೇಣುದ್ದ ಹರಡಿತ್ತು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿದೆವು. ನೋಡಿ, ಒಂದು ಚೂರೂ ಹೂತು ಹೋಗಲಿಲ್ಲ.

ಕ್ರೇಟು ಕಾಣದ ಹಾಗೆ ಬಗ್ಗಿ, ಬರೀ ಟಯರು ಮತ್ತು ಬಿಳಿ ಐಸು ಬರುವಂತೆ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ಹೆಂಡತಿಯದ್ದು. "ಬರುವಾಗ ಅದರಲ್ಲೇ ಸ್ವಲ್ಪ ತನ್ನಿ, ಬೂತಾಯಿಗೆ ಹಾಕ್ಲಿಕ್ಕೆ."